ಚಕ್ರದಡಿಯ ನಿಂಬೆಹಣ್ಣು

ಲಾರ್ಚ್ ಮರಗಳು ಹಳದಿಯಾಗೋದನ್ನ ನೋಡೋಕೆ ಕಾರಲ್ಲಿ ಬೆಟ್ಟದ ಘಾಟಿಗಳನ್ನ ದಾಟಿ ಹೋಗೋ ಪ್ಲ್ಯಾನ್ ನಮ್ಮದು. ಹಿಮ ಬಿದ್ದರೆ ಇರಲಿ ಅಂತ ನಾನು ಟೈರ್ ಚೈನ್ ತಂದೆ. ನಮ್ಮತ್ತೆ ನಾಲ್ಕೂ ಚಕ್ರದಡಿ ನಿಂಬೆಹಣ್ಣು ಇಟ್ಟರು.

ಹೊರಡೋ ಹೊತ್ತಿಗೆ ವುಡಿನ್‌ವಿಲ್‌ನ ನಮ್ಮ ಪಕ್ಕದ್ಮನೆ ಅಮೆರಿಕನ್ ಅಜ್ಜಿ ಮಂಡಿಯೂರಿ ಅವನ್ನೆಲ್ಲ ಆರಿಸಿ ತಂದರು. "ನಿಮ್ಮ ಬ್ಯಾಗಿಂದ ಬಿದ್ದಿರಬೇಕು," ಅಂದರು ಇಂಗ್ಲಿಷಲ್ಲಿ. ನಿಜ ಹೇಳೋಕೆ ನಾಚಿಕೆಯಾಗಿ, ಹೌದು ಅಂದುಬಿಟ್ಟೆ.

ಇಂಗ್ಲಿಷ್ ಬಾರದ ಅತ್ತೆ, "ಏನಂತೆ?" ಅಂದರು.

"ಒಳ್ಳೇ ಪದ್ಧತಿ ಅಂದ್ರು, ಅತ್ತೆ."

ಅತ್ತೆಯ ಮುಖ ಅರಳಿತು. ಅಜ್ಜಿ ಒಳಗೆ ಹೋದಮೇಲೆ ಹಣ್ಣು ಮತ್ತೆ ಇಟ್ಟು, ಅದರ ಮೇಲೆ ಕಾರು ಹತ್ತಿಸಿ ಹೊರಟೆವು. ಘಾಟಿ ಏರುವಾಗ ಅತ್ತೆ ಹಿಂದಿನ ಸೀಟಿಂದ ಹೇಳಿದರು:

"ಪಾಪ, ಅಷ್ಟು ಮೆಚ್ಚಿಕೊಂಡ್ರಲ್ಲ, ಅವರ ಕಾರಿಗೂ ನಾಲ್ಕು ಇಟ್ಟು ಬಂದಿದೀನಿ."

ಹಿಮಕ್ಕೆ ಚೈನ್ ಇತ್ತು. ಮನೆಗೆ ವಾಪಸ್ ಹೋಗೋಕೆ ಮುಖ ಇರಲಿಲ್ಲ.