ಬ್ಯಾಕಪ್‌ನಲ್ಲಿ ಉಳಿದದ್ದು

...ಅಥವಾ ಅದು ಭಾನುವಾರವೇ ಅಲ್ಲದಿರಬಹುದು. ಚಿಕ್ಕಮ್ಮ ಅರಸೀಕೆರೆಯ ನನ್ನ ಬಾಡಿಗೆ ಮನೆಗೆ ಬಂದು, ಕಂಪ್ಯೂಟರಿನ ಮುಂದೆ ಕುಳಿತು, ನನ್ನ ಬ್ಲಾಗಿಗೆ ತನ್ನ ಒಂದೇ ಒಂದು ಲೇಖನವನ್ನು ಟೈಪ್ ಮಾಡಿದ್ದು ಭಾನುವಾರ ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಆಕೆ ಶಾಲೆಯಲ್ಲಿ ಟೀಚರಾಗಿದ್ದವಳು. ಬೇರೆ ದಿನ ಹೇಗೆ ಬಂದಾಳು ಎಂಬ ತರ್ಕದಿಂದ ಹುಟ್ಟಿದ ಭಾನುವಾರ ಅದು. ನೆನಪಿನಿಂದ ಹುಟ್ಟಿದ್ದಲ್ಲ. ನನ್ನ ನೆನಪುಗಳಲ್ಲಿ ಇಂಥವೇ ಹೆಚ್ಚು. ಆದ್ದರಿಂದ ಮುಂದಿನದನ್ನೂ ಸ್ವಲ್ಪ ಅನುಮಾನದಿಂದಲೇ ಓದಿ.

ಇಂದು ಬೆಳಿಗ್ಗೆ ಇದನ್ನೆಲ್ಲ ಕೆದಕಿದ್ದು ಒಂದು ಬಿಲ್ಲು. ಬೇಲೂರಿನ ಬಸ್ ಸ್ಟ್ಯಾಂಡಿನ ಹತ್ತಿರದ ಔಷಧಿ ಅಂಗಡಿಯಲ್ಲಿ ಚಿಕ್ಕಮ್ಮನ ಬಿ.ಪಿ. ಮಾತ್ರೆ ಕೊಂಡೆ. ಬಿಲ್ಲಿನ ತಲೆಯಲ್ಲಿ ಅಂಗಡಿಯ ಹೆಸರಿರಬೇಕಾದ ಕಡೆ ಸಾಲಾಗಿ ಪ್ರಶ್ನೆ ಚಿಹ್ನೆಗಳು.

"ಏನಪ್ಪಾ ಇದು?" ಎಂದೆ.

"ಹೊಸ ಮಿಷಿನ್ನು ಕಣಣ್ಣ, ಅದ್ಕೆ ಕನ್ನಡ ಬರಾಕಿಲ್ಲ. ಮಾತ್ರೆ ಸರ್‍ಯಾಗೇ ಐತೆ, ನೀವೇನ್ ಯೋಚ್ನೆ ಮಾಡ್ಬ್ಯಾಡಿ" ಎಂದ ಅಂಗಡಿಯವನು.

ಆ ಚಿಹ್ನೆಗಳಿಗೂ ನನಗೂ ಹಳೆಯ ನಂಟು.

ಎರಡು ಸಾವಿರದ ಇಸವಿಯ ನಂತರದ ಮೊದಲ ದಶಕ. ಯಾರದೋ ತಾಣದಲ್ಲಿ ಪುಕ್ಕಟೆ ಬ್ಲಾಗ್ ಬರೆಯುವುದು ಬಾಡಿಗೆ ಮನೆಯಲ್ಲಿ ಇದ್ದಂತೆ. ಸ್ವಂತ ಹೆಸರು, ಸ್ವಂತ ಸರ್ವರು ಬೇಕು ಎಂಬ ಹುಚ್ಚು ನನಗೆ ಹಿಡಿದಿತ್ತು. ನಾನು ನಿಜಕ್ಕೂ ಬಾಡಿಗೆ ಮನೆಯಲ್ಲೇ ಇದ್ದೆ ಎಂಬುದು ಬೇರೆ ಮಾತು. ಸಂಜೆ ಆಫೀಸಿನಿಂದ ಬಂದವನು ಬರೆಯುತ್ತಿದ್ದದ್ದು ಕಡಿಮೆ, ರಿಪೇರಿ ಮಾಡುತ್ತಿದ್ದದ್ದೇ ಹೆಚ್ಚು. ಕಾಮೆಂಟುಗಳಲ್ಲಿ ಬಂದು ಬೀಳುವ ಜಾಹೀರಾತುಗಳನ್ನು ಸೋಸಲು ಒಂದು ಪ್ಲಗಿನ್. ಫೈಲುಗಳನ್ನು ಸರ್ವರಿಗೆ ಸಾಗಿಸಲು ಒಂದು ತಂತ್ರಾಂಶ. ವಾರಕ್ಕೊಮ್ಮೆ ತಾನಾಗಿಯೇ ಬ್ಯಾಕಪ್ ತೆಗೆದು, ಜಾಗ ಉಳಿಸಲು ಹಿಂದಿನ ವಾರದ್ದನ್ನು ಅಳಿಸುವ ಏರ್ಪಾಡು. ಹುಡುಕಾಟದ ಯಂತ್ರಗಳು ಬಂದು ನನ್ನ ತಿಂಗಳ ಬ್ಯಾಂಡ್‌ವಿಡ್ತ್ ತಿಂದುಹಾಕದಂತೆ ಬಾಗಿಲಲ್ಲೇ ತಡೆಯುವ ಒಂದು ಪುಟ್ಟ ಫೈಲು. ಓದುಗರೇ ಇಲ್ಲದ ಬ್ಲಾಗಿಗೆ ಎಂಥ ಕಾವಲು ನೋಡಿ! ಆದರೆ ಆಗ ಪ್ರತಿಯೊಂದೂ ಜಾಣತನವೆಂದೇ ತೋರಿತ್ತು.

ಈಗ ಚಿಕ್ಕಮ್ಮನ ವಿಷಯ. ನಾನು ಇನ್ನೂ ಶಾಲೆಗೆ ಸೇರುವ ಮೊದಲೇ ಅಮ್ಮ ತೀರಿಕೊಂಡಳು. ನನ್ನನ್ನು ಬೆಳೆಸಿದ್ದು ಅವಳ ತಂಗಿ, ಬಸ್ತಿಹಳ್ಳಿಯ ಈ ಚಿಕ್ಕಮ್ಮ. ಅಕ್ಕತಂಗಿ ಮಾತು ಬಿಟ್ಟಿದ್ದರು ಎಂಬುದು ನೆಂಟರಿಗೆಲ್ಲ ಗೊತ್ತಿತ್ತು. ಕಾರಣ ಒಬ್ಬರು ಹೇಳಿದಂತೆ ಒಂದು ಸೀರೆ, ಇನ್ನೊಬ್ಬರ ಪ್ರಕಾರ ಮದುವೆಮನೆಯಲ್ಲಿ ಆಡಿದ ಒಂದು ಮಾತು. ಅಮ್ಮ ಸಾಯುವ ಮೊದಲು ಇಬ್ಬರೂ ಮತ್ತೆ ಮಾತಾಡಿದರೇ ಎಂಬುದು ಮಾತ್ರ ಯಾರಿಗೂ ತಿಳಿಯದು. ನಾನು ಕೇಳಿದಾಗಲೆಲ್ಲ ಚಿಕ್ಕಮ್ಮ ಎದ್ದು ಹಸುವಿಗೆ ನೀರಿಡಲು ಹೋಗುತ್ತಿದ್ದಳು. ಬಾಯಾರಿಕೆಯೇ ಇಲ್ಲದ ಹಸು ಮುಖ ತಿರುಗಿಸುತ್ತಿತ್ತು.

ಆ ಭಾನುವಾರ, ಅಥವಾ ಭಾನುವಾರವಲ್ಲದ ದಿನ, ಅವಳೇ ಕೇಳಿದಳು: "ಅಕ್ಕನ ಮೇಲೆ ಒಂಚೂರು ಬರೀತೀನಿ, ಜಾಗ ಕೊಡ್ತೀಯೇನೋ?"

"ನೀನು ಹೇಳು ಚಿಕ್ಕಮ್ಮ, ನಾನು ಟೈಪ್ ಮಾಡ್ತೀನಿ."

"ಬಾಯಲ್ಲಿ ಹೇಳಕ್ಕಾಗಲ್ಲ ಕಣೋ. ಇದಾದ್ರೆ ಯಾರ ಮುಖಾನೂ ನೋಡ್ಬೇಕಾಗಿಲ್ಲ."

ಶಾಲೆಯ ಕಂಪ್ಯೂಟರ್ ತರಬೇತಿಯಲ್ಲಿ ಕಲಿತಿದ್ದಳು. ಇಂಗ್ಲಿಷ್ ಪದ ಬಂದರೆ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯುತ್ತಿದ್ದಳು. "ನೋಡ್ದಾ, ಒಂದ್ಸಲ ಒತ್ತಿದ್ರೆ ಇಂಗ್ಲಿಷು, ಇನ್ನೊಂದ್ಸಲ ಒತ್ತಿದ್ರೆ ಕನ್ನಡ. ನಮ್ಮ ಹೆಡ್‌ಮಾಸ್ಟ್ರಿಗೆ ಎರಡೂ ಬರಲ್ಲ" ಎಂದು ನಕ್ಕಿದ್ದಳು.

ಮುಗಿಸಿ ಊರಿಗೆ ಹೊರಟಳು. ನಾನು ಪ್ರಕಟಿಸಿದೆ. ಓದಿಯೇ ಪ್ರಕಟಿಸಿದೆ, ಆದರೆ ಆ ಓದು ಯಾವ ಬಗೆಯದು! ಒತ್ತಕ್ಷರ ಅಕ್ಷರದ ಕೆಳಗೆ ಕೂತಿದೆಯೇ, ದೀರ್ಘ ಸರಿದು ಎಲ್ಲೋ ನಿಂತಿದೆಯೇ ಎಂದು ಸಾಲುಸಾಲಾಗಿ ಪರೀಕ್ಷಿಸಿದೆ. ಎಲ್ಲ ಸರಿಯಿತ್ತು. ನಿಧಾನವಾಗಿ, ಮನಸ್ಸಿಟ್ಟು ಓದುವುದನ್ನು ಮುಂದಿನ ವಾರಕ್ಕೆ ಇಟ್ಟುಕೊಂಡೆ.

ಆ ವಾರ ಸರ್ವರ್ ಬದಲಿಸಿದೆ. ಹಳೆಯದು ನಿಧಾನ ಎಂಬ ಕಾರಣಕ್ಕೆ. ಎಲ್ಲವನ್ನೂ ಹೊರತೆಗೆಯುವಾಗ ಅಕ್ಷರಗಳ ಬಗೆ ಯಾವುದು ಎಂದು ಕೇಳುವ ಒಂದು ಆಯ್ಕೆ ಇತ್ತು. ಮೊದಲಿಗೆ ಕಂಡದ್ದನ್ನೇ ಒತ್ತಿದೆ. ಅದರಲ್ಲಿ ಇಂಗ್ಲಿಷಿಗೆ ಜಾಗವಿತ್ತು, ಕನ್ನಡಕ್ಕಿರಲಿಲ್ಲ. ಕನ್ನಡವೆಲ್ಲ ಪ್ರಶ್ನೆ ಚಿಹ್ನೆಯಾಯಿತು. ನಾನು ಗಮನಿಸುವ ಹೊತ್ತಿಗೆ ಹಳೆಯ ಸರ್ವರನ್ನು ಖಾಲಿ ಮಾಡಿಯಾಗಿತ್ತು. ತಾನಾಗಿ ತೆಗೆಯುವ ಬ್ಯಾಕಪ್, ಒಳ್ಳೆಯದನ್ನು ಅಳಿಸಿ ಕೆಟ್ಟದ್ದನ್ನು ಜೋಪಾನ ಮಾಡಿತ್ತು. ಬೇರೆಲ್ಲಾದರೂ ನಕಲು ಸಿಕ್ಕೀತೆಂದರೆ, ಪುಟಗಳ ನಕಲು ಇಟ್ಟುಕೊಳ್ಳುವ ಹುಡುಕಾಟದ ಯಂತ್ರಗಳನ್ನೆಲ್ಲ ಬಾಗಿಲಲ್ಲೇ ತಡೆದವನು ನಾನೇ. ನೀವು ಸ್ವಂತ ಬ್ಲಾಗ್ ನಡೆಸುವವರಾದರೆ ಇಷ್ಟು ಕೇಳಿ: ಬ್ಯಾಕಪ್ ತೆಗೆದರೆ ಸಾಲದು, ಅದನ್ನು ಬಿಚ್ಚಿ ಓದಿ ನೋಡಬೇಕು.

ನನ್ನ ಲೇಖನಗಳು ಹೋದದ್ದಕ್ಕೆ ಒಂದು ವಾರ ದುಃಖವಿತ್ತು. ಚಿಕ್ಕಮ್ಮನದರ ಪುಟವನ್ನು ಪ್ರಿಂಟ್ ತೆಗೆದೆ. ಪದಗಳ ನಡುವಿನ ಜಾಗ ಉಳಿದಿತ್ತು, ಪೂರ್ಣವಿರಾಮ ಉಳಿದಿತ್ತು, ಅವಳು ಇಂಗ್ಲಿಷಿನಲ್ಲಿ ಹೊಡೆದ ಪದಗಳು ಉಳಿದಿದ್ದವು. ಕೊನೆಯ ವಾಕ್ಯದಲ್ಲಿ ಹೀಗೆ: ???? sorry, ಆಮೇಲೆ ಮತ್ತಷ್ಟು ಚಿಹ್ನೆಗಳು.

ಯಾರು ಯಾರಿಗೆ? ಕಂಪ್ಯೂಟರಿಗೆ ಒತ್ತು, ಕೊಂಬು, ದೀರ್ಘ ಎಲ್ಲವೂ ಬೇರೆಬೇರೆ, ಒಂದೊಂದಕ್ಕೂ ಒಂದೊಂದು ಪ್ರಶ್ನೆ ಚಿಹ್ನೆ. 'ಅಕ್ಕ' ಎಂದರೆ ನಾಲ್ಕು ಚಿಹ್ನೆ. 'ನಾನು' ಎಂದರೂ ನಾಲ್ಕೇ.

ಆ ಹಾಳೆ ಹಿಡಿದು ಬಸ್ತಿಹಳ್ಳಿಗೆ ಹೋದೆ. ಚಿಕ್ಕಮ್ಮ ಜಗುಲಿಯಲ್ಲಿ ಕುಳಿತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ನಡೆದದ್ದು ಹೇಳಿದೆ.

"ಹಂಗಾದ್ರೆ ಅಕ್ಷರ ನೋಡ್ದೆ, ಓದ್ಲಿಲ್ಲ ಅನ್ನು" ಎಂದಳು. ಕೋಪವಿರಲಿಲ್ಲ. ಬೇಳೆ ಚಿಮ್ಮಿಸುತ್ತಲೇ ತಾನಾಗಿ ಶುರುಮಾಡಿದಳು. "ಅಕ್ಕ ಹಾಸನದ ಆಸ್ಪತ್ರೆಲಿ ಮಲಗಿದ್ಲು. ನಾನು ಬಾಗ್ಲಲ್ಲೇ ನಿಂತೆ. ಅವಳು ಗೋಡೆ ಕಡೆ ತಿರುಗಿದ್ಲು..."

ನನ್ನ ಕಣ್ಣು ಹಾಳೆಯ ಮೇಲಿತ್ತು. ನೆನಪನ್ನು ನಂಬಬಾರದು, ಬರೆದದ್ದನ್ನು ನಂಬಬೇಕು ಎಂಬ ಹುಮ್ಮಸ್ಸಿನ ವಯಸ್ಸು.

"ಚಿಕ್ಕಮ್ಮ, ಇದರಲ್ಲಿ bus ಅಂತ ಇದೆ, hospital ಅಂತ ಎಲ್ಲೂ ಇಲ್ಲ. ನೀನು ಇಂಗ್ಲಿಷ್ ಪದ ಇಂಗ್ಲಿಷಲ್ಲೇ ಹೊಡೀತಿದ್ದೆ. ಆಗ ಬರೆದದ್ದು ಬೇರೆ ಏನೋ ಇರ್ಬೇಕು, ನೆನಪು ಮಾಡ್ಕೊ."

ಅವಳ ಕೈ ನಿಂತಿತು. "ಅಲ್ಲ ಕಣೋ, ನನ್ನ ಬಾಯಿಗಿಂತ ನಿನ್ನ ಪ್ರಶ್ನೆ ಚಿಹ್ನೆ ಹೆಚ್ಚಾಯ್ತಾ?"

"ಹಂಗಲ್ಲ ಚಿಕ್ಕಮ್ಮ..."

"ಏಳು, ಹಸೂಗೆ ನೀರಿಡ್ಬೇಕು."

ಆಮೇಲೆ ಅವಳು ಆ ಮಾತು ಎತ್ತಲಿಲ್ಲ. ಮೊದಲ ಸಲ ಕಳೆದುಹೋದದ್ದಕ್ಕೆ ಸರ್ವರನ್ನು ದೂರಬಹುದು. ಎರಡನೆಯ ಸಲ ಅವಳು ನನ್ನ ಎದುರಿಗೇ ಕುಳಿತಿದ್ದಳು. ಅಮ್ಮ ಗೋಡೆಯ ಕಡೆ ತಿರುಗಿದ್ದಳು. ನನ್ನ ಪಾಲಿಗೆ ಇವತ್ತಿಗೂ ಹಾಗೇ ತಿರುಗಿ ಮಲಗಿದ್ದಾಳೆ.

ಇಂದು ಮಾತ್ರೆ ಕೊಟ್ಟಾಗ ಚಿಕ್ಕಮ್ಮ ಕನ್ನಡಕ ಏರಿಸಿ ಬಿಲ್ಲು ನೋಡಿದಳು. "ಇದೇನೋ, ನಿನ್ನ ಬ್ಲಾಗು ಮೆಡಿಕಲ್ ಶಾಪಿಗೂ ಬಂತಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಮಾತ್ರೆಯನ್ನು ಅಂಗೈಯಲ್ಲಿ ಹೊರಳಿಸುತ್ತ, "ಅಕ್ಕಂಗೂ ಮಾತ್ರೆ ಅಂದ್ರೆ ಆಗ್ತಿರ್ಲಿಲ್ಲ. ಬೆಲ್ಲದೊಳಗೆ ಇಟ್ಟು ಕೊಡ್ತಿದ್ದೆ" ಎಂದಳು.

ಯಾವಾಗ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂತು. ಇಬ್ಬರೂ ಹುಡುಗಿಯರಾಗಿದ್ದಾಗಲೋ, ಆಸ್ಪತ್ರೆಯ ಆ ಕೊನೆಯ ದಿನಗಳಲ್ಲೋ? ಕೇಳಲಿಲ್ಲ. ಅವಳು ಇನ್ನೇನಾದರೂ ಹೇಳಬಹುದೆಂದು ಸುಮ್ಮನೆ ಕುಳಿತೆ. ಅವಳು ಮಾತ್ರೆ ನುಂಗಿ, ಲೋಟ ನನ್ನ ಕೈಗೆ ಕೊಟ್ಟಳು.

ಆ sorry ಹಿಂದಿನ ನಾಲ್ಕು ಚಿಹ್ನೆಗಳು 'ಅಕ್ಕ' ಎಂದೋ, 'ನಾನು' ಎಂದೋ, ನನಗೆ ಗೊತ್ತಿಲ್ಲ.