ದ್ವೀಪದ ತಾಯಿಗೆ ಎರಡು ಕಣ್ಣು

ಕಣ್ಣುಮೇಸ್ತ್ರಿ ಎಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಕಾಯಿಲೆಯಲ್ಲೋ ಅಪಘಾತದಲ್ಲೋ ಒಂದು ಕಣ್ಣು ಕಳೆದುಕೊಂಡವರಿಗೆ ಕೃತಕ ಕಣ್ಣು ಮಾಡಿಕೊಡುವುದು ಅವನ ಕಸುಬು. ಆಳು ಬಾಗಿಲಿಗೆ ತಲೆ ಬಗ್ಗಿಸಿ ಬರುವಷ್ಟು ಎತ್ತರ, ಹಿಡಿಯುವ ಕುಂಚಕ್ಕೆ ಮಾತ್ರ ಎಣಿಸಿ ನಾಲ್ಕು ಕೂದಲು. ಬಂದವರನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಉಳಿದ ಕಣ್ಣನ್ನು ನೋಡುತ್ತ ನೋಡುತ್ತ ಅದರ ಜೋಡಿಯನ್ನು ಬರೆಯುತ್ತಾನೆ. ಬಿಳಿಗುಡ್ಡೆಯ ಮೇಲೆ ಕೆಂಪು ರೇಷ್ಮೆಯ ಎಳೆ ಬಿಡಿಸಿ ಅಂಟಿಸಿದರೆ ಅದೇ ರಕ್ತನಾಳ. ಎದುರಿಗೆ ಜೀವಂತ ಕಣ್ಣಿಲ್ಲದೆ ಅವನ ಕೈ ಏಳುವುದಿಲ್ಲ.

ರೇಷ್ಮೆ ದಾರ ಬರುವುದು ಪಕ್ಕದ ಬೀದಿಯಲ್ಲಿರುವ ಅವನ ಅಕ್ಕನ ಅಂಗಡಿಯಿಂದ. ಗುಂಡಿ, ಸೂಜಿ, ದಾರ ಮಾರುವ ಅಂಗಡಿ ಅದು. ಅಕ್ಕ ಎಷ್ಟು ಕುಳ್ಳಿ ಎಂದರೆ, ಗಿರಾಕಿಗಳು ಯಾರೂ ಇಲ್ಲವೆಂದು ಹಿಂತಿರುಗುವ ಹೊತ್ತಿಗೆ ಮೇಜಿನ ಹಿಂದಿನಿಂದ, "ಇದೀನಿ, ಸ್ವಲ್ಪ ಕೆಳಗೆ ನೋಡಿ" ಎಂಬ ದನಿ ಬರುತ್ತದೆ. ತನ್ನ ಎತ್ತರದ ಬಗ್ಗೆ ಅವಳು ತಾನೇ ತಮಾಷೆ ಮಾಡಿಯಾಳು. ಬೇರೆಯವರು ಮಾಡಿದರೆ ಆ ದಿನ ಅವರಿಗೆ ಗುಂಡಿ ಸಿಕ್ಕಿದ ಹಾಗೆಯೇ.

ಇಬ್ಬರೂ ಹುಟ್ಟಿದ್ದು ಒಂದು ಪುಟ್ಟ ದ್ವೀಪದಲ್ಲಿ. ಕಡಲು ಮುನಿಸಿಕೊಂಡ ತಿಂಗಳುಗಳಲ್ಲಿ ದೋಣಿ ಬಾರದೆ ಪಾತ್ರೆಯ ತಳ ಕಾಣುತ್ತಿತ್ತು. ಅಮ್ಮ ತೀರಿಹೋದ ಮೇಲೆ ಸೌಟು ಹಿಡಿದವಳು ಅಕ್ಕ. ತಮ್ಮನಿಗೆ ಬಡಿಸಿ, ತನ್ನದು ಆಗಲೇ ಆಯಿತೆಂದು ನೀರು ಕುಡಿಯುತ್ತಿದ್ದಳು. ಅವನು ಬಿದಿರಿನಂತೆ ಬೆಳೆದ, ಅವಳು ಅಲ್ಲೇ ನಿಂತಳು. ಅಕ್ಕನ ಎತ್ತರವನ್ನು ತಾನೇ ಉಂಡುಬಿಟ್ಟೆ ಎಂಬ ಮುಳ್ಳು ಅವನ ಎದೆಯಲ್ಲಿ ಅಂದಿನಿಂದ ಇದೆ. ಬಾಯಿಬಿಟ್ಟು ಆಡಿದವನಲ್ಲ.

ಹೀಗಿರುವಾಗ ವಸ್ತುಸಂಗ್ರಹಾಲಯದಿಂದ ಹಳೆಯ ಮೂಳೆಗಳನ್ನು ಓದುವ ಮೇಡಂ ಬಂದರು. ಬೇರೊಂದು ದ್ವೀಪದಲ್ಲಿ ಎಂದೋ ಬದುಕಿದ್ದ ಆದಿಮಾನವ ಹೆಂಗಸಿನ ಪ್ರತಿಮೆ ಮಾಡಿಸಿದ್ದರು. ಪೂರ್ತಿ ಬೆಳೆದವಳು, ಆದರೆ ಎತ್ತರ ಪುಟ್ಟ ಮಗುವಿನಷ್ಟು. ಅವಳಿಗೆ ಎರಡು ಕಣ್ಣು ಬೇಕಿತ್ತು. ಎದುರಿಗೆ ಕೂರಿಸಲು ಯಾರಿದ್ದಾರೆ? ಮನಸ್ಸಿಗೆ ತೋಚಿದಂತೆ ಬರೆದುಕೊಟ್ಟ. ಕಣ್ಣುಗಳು ವಾಪಸು ಬಂದವು. ಅಂದವಾಗಿವೆ, ಆದರೆ ಯಾರನ್ನೂ ನೋಡುತ್ತಿಲ್ಲ ಎಂದರು ಮೇಡಂ.

ಕೂಡಲೇ ಅವನು ಅಕ್ಕನ ಅಂಗಡಿಗೆ ಹೋಗಿ, ಹಿಂದುಮುಂದು ನೋಡದೆ, ಕುಳ್ಳಿ ಆದಿಮಾನವ ಹೆಂಗಸೊಬ್ಬಳಿಗೆ ನಿನ್ನ ಕಣ್ಣು ಬೇಕಾಗಿತ್ತು ಎಂದುಬಿಟ್ಟ. ಅಕ್ಕ ಗುಂಡಿಯ ಡಬ್ಬಿ ಮುಚ್ಚಿದಳು.

"ಊರವರು ಸಾಲದು ಅಂತ ನೀನೂ ಶುರು ಮಾಡಿದ್ಯಾ?"

ಅಲ್ಲಿಗೆ ಮಾತು ನಿಂತಿತು. ದಾರ ಬೇಕೆಂದರೆ ದರ್ಜಿಯ ಕೈಯಲ್ಲಿ ಕಳಿಸುವಳು, ತಾನು ಈ ಕಡೆ ಮುಖ ಹಾಕಳು. ಲೋಕದಲ್ಲಿ ಅವನಿಗೆ ತನ್ನವರೆಂದು ಇದ್ದವಳು ಅವಳೊಬ್ಬಳೇ. ಅವಳನ್ನೂ ಹೀಗೇ ಕಳೆದುಕೊಂಡರೆ ಏನು ಗತಿ ಎಂದು ಹಿಡಿದ ಕುಂಚ ಕೆಳಗಿಡುತ್ತಿದ್ದ.

ಒಂದು ಮಧ್ಯಾಹ್ನ, ಬೀದಿಯೆಲ್ಲ ತೂಕಡಿಸುವಾಗ, ಅಕ್ಕನ ಅಂಗಡಿಯ ಅರ್ಧ ಇಳಿಸಿದ ಶಟರಿನ ಕೆಳಗೆ ನುಸುಳಿ ಒಳಗೆ ಹೋದ. ನೆಲದ ಮೇಲೆ ಕೂತು, ಮೇಡಂ ಹೇಳಿದ್ದನ್ನು ಕತೆಯಂತೆ ಹೇಳತೊಡಗಿದ.

ಕಡಲ ನಡುವೆ ಒಂದು ದ್ವೀಪವಂತೆ. ದೊಡ್ಡ ನೆಲದಿಂದ ಎತ್ತರದ ಜನ ಹೇಗೋ ತೇಲಿ ಬಂದು ಸೇರಿದರಂತೆ, ಹಿಂತಿರುಗುವ ದಾರಿ ಇಲ್ಲ. ದ್ವೀಪದ ಮಡಿಲು ಚಿಕ್ಕದು. ಅದರಲ್ಲಿ ಹಿಡಿಯುವಷ್ಟೇ ಗೆಡ್ಡೆ, ಅಷ್ಟೇ ಬೇಟೆ. ದೊಡ್ಡ ಮೈ ದೊಡ್ಡ ತುತ್ತು ಕೇಳುತ್ತದೆ. ಏನೂ ಸಿಗದ ವರ್ಷಗಳಲ್ಲಿ ಚಿಕ್ಕ ಮೈಯವರು ಉಳಿದರು, ಹೆತ್ತರು. ಅವರ ಮಕ್ಕಳಲ್ಲೂ ಚಿಕ್ಕವರೇ ಹೆಚ್ಚು ಉಳಿದರು. ಅಜ್ಜಿಯರು, ಅವರ ಅಜ್ಜಿಯರು, ಮಂಜಿನಂತೆ ಬಂದು ಕರಗಿಹೋದರು. ಆನೆಗಳೂ ಎಮ್ಮೆಯಷ್ಟಾದವಂತೆ, ಇಲಿಗಳು ಮಾತ್ರ ಬೆಕ್ಕಿನಷ್ಟು ಕೊಬ್ಬಿದವಂತೆ. ದ್ವೀಪವೇ ತಲೆತಲಾಂತರ ಕೂತು ತನ್ನ ಅಳತೆಗೆ ಮೈಗಳನ್ನು ಹೊಲಿದುಕೊಂಡಿತು. ಇಲ್ಲ, ಬಂದವರೇ ಚಿಕ್ಕವರಿದ್ದರು ಎನ್ನುವವರೂ ಇದ್ದಾರಂತೆ. ನೋಡಿ ಬಂದವರು ಯಾರು?

ಬೆಕ್ಕಿನಷ್ಟು ಇಲಿ ಇರುವ ಊರಲ್ಲಿ ದಾರದ ಅಂಗಡಿ ಇಡಲಾಗದು ಎಂದಳು ಅಕ್ಕ. ಅಷ್ಟು ದಿನಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು ಅದು. ಆಮೇಲೆ ಮೆಲ್ಲಗೆ ಕೇಳಿದಳು:

"ಅವಳನ್ನೂ ಕುಳ್ಳಿ ಅಂತಿದ್ರೇನೋ?"

"ಅನ್ನೋರು ಯಾರಿದ್ರು ಅಕ್ಕ? ಅಲ್ಲಿ ಎಲ್ಲರೂ ಅಷ್ಟೇ ಎತ್ತರ." ಮತ್ತೆ ಅವನೇ ಅಂದ, "ನಿಂದು ಹಾಗಲ್ಲ. ನಿನ್ನ ಪಾಲು ನಾನು ತಿಂದೆ."

ಅಕ್ಕ ಅವನನ್ನು ದಿಟ್ಟಿಸಿದಳು. "ಹುಚ್ಚಪ್ಪ, ಅಮ್ಮನೂ ಇಷ್ಟೇ ಇದ್ದಳು ಕಣೋ. ನಿನಗೆ ನೆನಪಿಲ್ಲ, ಅಷ್ಟೆ."

ಅದು ನಿಜವೋ, ತಮ್ಮನ ಸಮಾಧಾನಕ್ಕೆ ಹೇಳಿದ್ದೋ, ಬಲ್ಲವರು ಯಾರೂ ಉಳಿದಿಲ್ಲ.

ಮರುದಿನ ಬೆಳಗ್ಗೆ ಅವಳು ಬಂದು ಕಿಟಕಿಯ ಬಳಿ ಕೂತಳು. ಕಾಲುಗಳು ನೆಲಕ್ಕೆ ಎಟುಕದೆ ತೂಗಾಡುತ್ತಿದ್ದವು. ಅವನು ಕುಂಚ ಅದ್ದಿದಾಗ ಒಂದೇ ಮಾತು ಹೇಳಿದಳು.

"ಹಸಿದವಳ ಹಾಗೆ ಬರೀಬೇಡ. ಉಂಡವಳ ಕಣ್ಣು ಬರಿ."

ಅವನು ಮುಂದಕ್ಕೆ ಬಾಗಿ ನೋಡಿದ. ಕಪ್ಪು ಪಾಪೆಯ ಸುತ್ತ ಕಂದು ಬಳೆ, ಅದಕ್ಕೆ ಜೇನಿನ ಬಣ್ಣದ ಅಂಚು, ಒಳಗೆ ಕಿಟಕಿಯ ಬೆಳಕು. ಇಷ್ಟು ವರ್ಷ ಹೆದರಿ ಹೆದರಿ ನೋಡದೆ ಬಿಟ್ಟಿದ್ದ ಹಸಿವನ್ನು ಅದರಲ್ಲಿ ಬಹಳ ಹೊತ್ತು ಹುಡುಕಿದ. ಎಲ್ಲಿಯೂ ಸಿಗಲಿಲ್ಲ. ಕಂಡದ್ದನ್ನೇ ಬರೆಯತೊಡಗಿದ.