ಬಾಗಿಲು ನಿಮ್ಮ ಕೈಲಿ

ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಪೈಲಟ್ ಸಾರ್ ಅವರ ಕತ್ತು ತಿರುಗುವುದು ನಿಂತಿತು.

ಅದು ಎಷ್ಟು ದೊಡ್ಡ ಸಂಗತಿ ಎಂಬುದು ಅವರನ್ನು ಹತ್ತಿರದಿಂದ ಕಂಡವರಿಗೆ ಗೊತ್ತು. ತೆಳ್ಳನೆಯ ಉದ್ದ ಕತ್ತು, ಕಾಲರಿಗೆ ತಾಗದಂತೆ ಕತ್ತರಿಸಿದ ಬಿಳಿ ಕೂದಲು, ಎಡಗಿವಿಯ ಹಿಂದೆ ಹೆಲ್ಮೆಟ್ ಪಟ್ಟಿ ವರ್ಷಗಟ್ಟಲೆ ಉಜ್ಜಿ ಉಳಿಸಿಹೋದ ನುಣುಪು ಗೆರೆ. ಆ ಕತ್ತು ಸುಮ್ಮನಿದ್ದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಕಾಫಿ ಕುಡಿಯುವಾಗಲೂ ಎಡಕ್ಕೆ, ಮೇಲಕ್ಕೆ, ಬಲಕ್ಕೆ, ಮತ್ತೆ ನಮ್ಮ ಮುಖಕ್ಕೆ. ಹೊಸಬರಿಗೆ ಇವರು ನಮ್ಮ ಮಾತು ಕೇಳುತ್ತಲೇ ಇಲ್ಲ ಅನ್ನಿಸುತ್ತಿತ್ತು. ವಾರ ಕಳೆದ ಮೇಲೆ ಅದೇ ಮಾತಿನ ತುದಿ ಹಿಡಿದು, ನಿಮ್ಮ ತಮ್ಮನ ಕಾಲು ನೋವು ವಾಸಿಯಾಯಿತೇ ಎಂದು ಅವರು ಕೇಳಿದಾಗ ನಾಚಿಕೆಯಾಗುತ್ತಿತ್ತು.

ಇದನ್ನು ಕ್ರಮವಾಗಿ ಹೇಳಬೇಕು. ನನ್ನ ತಲೆಯಲ್ಲಿ ಕ್ರಮ ತಪ್ಪುತ್ತಿರುತ್ತದೆ. ಹೊಗೆ ಮೊದಲು ಬಂದುಬಿಡುತ್ತದೆ, ಹೋಳಿಗೆ ಆಮೇಲೆ.

ಚಂದ್ರಾ ಲೇಔಟಿನಲ್ಲಿ ಅವರದು ನಮ್ಮ ಪಕ್ಕದ ಮನೆ. ವಾಯುಪಡೆಯಲ್ಲಿ ಸಾಮಾನು ಸಾಗಿಸುವ ವಿಮಾನ ಹಾರಿಸಿ ನಿವೃತ್ತರಾದವರು. ಹಾರಾಟದ ಕಥೆ ಹೇಳಿ ಎಂದರೆ ನಗುತ್ತಿದ್ದರು. ಕಥೆಯೇ ಆಗದ ಹಾಗೆ ನೋಡಿಕೊಳ್ಳುವುದಕ್ಕೇ ತಮಗೆ ಸಂಬಳ ಕೊಡುತ್ತಿದ್ದರು ಎನ್ನುತ್ತಿದ್ದರು. ಬೆಳಿಗ್ಗೆ ನಮ್ಮ ಕ್ರಾಸಿನ ಈ ತುದಿಯಿಂದ ಆ ತುದಿಯವರೆಗೆ ನಡೆಯುವುದು ಅವರ ಪದ್ಧತಿ. ಅದು ವಾಕಿಂಗ್ ಅಲ್ಲ, ತಪಾಸಣೆ. ಒಂದು ದಿನ ಎದುರು ಮನೆಯ ಅಜ್ಜಿಯ ಹೊಸ್ತಿಲು ಒಣಗಿರುವುದನ್ನು ಕಂಡು ನಿಂತರು. ದಿನವೂ ಆ ಹೊತ್ತಿಗೆ ಅಲ್ಲಿ ನೀರು ಹಾಕಿ ರಂಗೋಲಿ ಎಳೆದಿರುತ್ತಿತ್ತು. ಬೆಲ್ ಒತ್ತಿದರು, ಕಿಟಕಿ ಬಡಿದರು, ನಮ್ಮನ್ನೆಲ್ಲ ಕರೆದರು. ಅಜ್ಜಿ ಬಚ್ಚಲಿನಲ್ಲಿ ಜಾರಿ ಬಿದ್ದಿದ್ದರು, ಹೊತ್ತಿಗೆ ಸಿಕ್ಕಿದ್ದರಿಂದ ಉಳಿದರು. ಆ ಹೊಸ್ತಿಲ ಮುಂದೆಯೇ ನಾನೂ ಹೂವು ತರಲು ಹೋಗಿ ಬಂದಿದ್ದೆ. ಒಣ ಹೊಸ್ತಿಲು ನನಗೆ ಕಂಡಿತ್ತು. ಕಂಡಿತ್ತು, ಅಷ್ಟೇ.

ಮೂಲೆಯಲ್ಲಿ ಚರಂಡಿ ಕಲ್ಲು ಮುರಿದಾಗ ಹೊಂಗೆ ಕೊಂಬೆಗೆ ಕೆಂಪು ಬಟ್ಟೆ ಕಟ್ಟಿ ನೆಟ್ಟವರು ಅವರೇ. ಊಟದ ಪೊಟ್ಟಣ ತರುವ ಹುಡುಗರನ್ನು ನಿಲ್ಲಿಸಿ ನೀರು ಕೊಡುತ್ತಿದ್ದರು. ಅವರಲ್ಲಿ ಹೆಚ್ಚಿನವರು ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದವರು. ಅವರ ಕಣ್ಣು ಹ್ಯಾಂಡಲಿಗೆ ಸಿಕ್ಕಿಸಿದ ಫೋನಿನ ಮೇಲಿರುತ್ತಿತ್ತು. ಸಾರ್, "ಒಂದೇ ಮೀಟರಿನ ಮುಳ್ಳು ನೋಡ್ತಾ ಕೂತ ಪೈಲಟ್ಟು ಗುಡ್ಡಕ್ಕೆ ಹೊಡೀತಾನೆ ಕಣಪ್ಪ" ಎನ್ನುತ್ತಿದ್ದರು. ಒಬ್ಬ ಹುಡುಗ, "ಗುಡ್ಡ ಇಲ್ರೀ ಅಜ್ಜಾರ ಇಲ್ಲಿ, ಬರೇ ಹಂಪ್ ಅದಾವು" ಅಂದಿದ್ದ. ಸಾರ್ ಬಹಳ ದಿನ ಅದನ್ನು ಹೇಳಿಕೊಂಡು ನಕ್ಕಿದ್ದರು.

ಅವರ ಇನ್ನೊಂದು ಅಭ್ಯಾಸ ನಮ್ಮ ಮನೆಯಲ್ಲಿ ತಮಾಷೆಯ ವಸ್ತುವಾಗಿತ್ತು. ಅಮ್ಮ ಕಾಂಪೌಂಡಿನ ಮೇಲಿಂದ ಸಾರಿನ ಪಾತ್ರೆ ಕೊಟ್ಟರೆ ಅವರು ಎರಡೂ ಕೈಯಲ್ಲಿ ಹಿಡಿದು, "ನನ್ನ ಕೈಲಿ" ಅನ್ನುವವರೆಗೆ ಅಮ್ಮ ಬಿಡುವಂತಿರಲಿಲ್ಲ. ವಿಮಾನದಲ್ಲಿ ಇಬ್ಬರು ಪೈಲಟ್‌ಗಳಿರುತ್ತಾರಂತೆ. ಒಬ್ಬರು ಇನ್ನೊಬ್ಬರಿಗೆ ನಡೆಸಲು ಕೊಡುವಾಗ "ನಿಮ್ಮ ಕೈಲಿ" ಅನ್ನಬೇಕು, ತೆಗೆದುಕೊಂಡವರು "ನನ್ನ ಕೈಲಿ" ಅನ್ನಬೇಕು. ಅವರು ನಡೆಸುತ್ತಿದ್ದಾರೆ ಎಂದು ಇವರು, ಇವರು ನಡೆಸುತ್ತಿದ್ದಾರೆ ಎಂದು ಅವರು ಅಂದುಕೊಂಡು, ಯಾರೂ ನಡೆಸದ ವಿಮಾನಗಳೂ ಬಿದ್ದಿವೆಯಂತೆ. ನನ್ನ ತಂಗಿ ಟಿವಿ ರಿಮೋಟ್ ಕೊಡುವಾಗಲೂ ಗಂಟಲು ದಪ್ಪ ಮಾಡಿಕೊಂಡು "ನಿಮ್ಮ ಕೈಲಿ" ಎಂದು ಅಣಕಿಸುತ್ತಿದ್ದಳು.

ಆ ತಂಗಿಯ ನಿಶ್ಚಿತಾರ್ಥದ ದಿನವೇ ಅದು ನಡೆದದ್ದು. ಸುಂಕದಕಟ್ಟೆ ಹತ್ತಿರದ ಒಂದು ಸಣ್ಣ ಛತ್ರ. ಮೇಲೆ ಹಾಲ್, ನೆಲಮಾಳಿಗೆಯಲ್ಲಿ ಊಟದ ಕೋಣೆ, ಅದಕ್ಕೆ ಅಂಟಿಕೊಂಡು ಅಡುಗೆಮನೆ. ಇಳಿಯುವ ಮೆಟ್ಟಿಲು ಅಡುಗೆಮನೆಯ ಪಕ್ಕದಲ್ಲೇ. ಎದುರು ತುದಿಯಲ್ಲಿ ತರಕಾರಿ ಇಳಿಸುವ ಇಳಿಜಾರಿಗೆ ಒಂದು ಹಿಂಬಾಗಿಲು. ಅದಕ್ಕೆ ಅಡ್ಡಲಾಗಿ ಎದೆಯೆತ್ತರ ಪ್ಲಾಸ್ಟಿಕ್ ಕುರ್ಚಿಗಳು.

ಸಾರ್ ಬಂದವರು ಮೊದಲು ಮಾಡಿದ್ದು ಆ ಕುರ್ಚಿಗಳನ್ನು ಸರಿಸಿದ್ದು. ಛತ್ರದ ಮೇಸ್ತ್ರಿ, ಸಂಜೆ ಮತ್ತೆ ಅಲ್ಲೇ ಇಡಬೇಕು, ಸುಮ್ಮನೆ ಎರಡೆರಡು ಕೆಲಸ ಎಂದು ಗೊಣಗಿದ. ಸಾರ್ ತಾವೇ ಎತ್ತಿಟ್ಟರು. ಚಿಲಕ ತುಕ್ಕು ಹಿಡಿದಿತ್ತು. ನನ್ನ ಹತ್ತಿರ ಬಂದು ದೀಪದ ಎಣ್ಣೆ ಸ್ವಲ್ಪ ಬೇಕು ಎಂದರು. ಕೊಟ್ಟೆ. ರೇಷ್ಮೆ ಜುಬ್ಬಾದ ತೋಳು ಮಡಚಿ ಚಿಲಕಕ್ಕೆ ಎಣ್ಣೆ ಹಾಕಿ, ಎರಡು ಸಲ ತೆಗೆದು ಹಾಕಿ ನೋಡಿದರು. ಇದನ್ನು ನೋಡುತ್ತಿದ್ದವರು ನಮ್ಮ ದೊಡ್ಡಪ್ಪ. ದಾವಣಗೆರೆ ಕಡೆಯವರು, ದೊಡ್ಡ ಹುದ್ದೆಯಿಂದ ನಿವೃತ್ತರಾಗಿ ಬಸವೇಶ್ವರನಗರದಲ್ಲಿ ನೆಲೆಸಿದವರು, ನಮ್ಮ ಮನೆತನಕ್ಕೆ ಹಿರಿಯರು.

"ಏನ್ರೀ ಕ್ಯಾಪ್ಟನ್ನು, ಊಟಕ್ಕೆ ಕುಂತ ಮ್ಯಾಲೆ ಸೀಟ್ ಬೆಲ್ಟೂ ಕಟ್ತೀರೇನು?"

ನಾವೆಲ್ಲ ನಕ್ಕೆವು. ಸಾರೂ ನಕ್ಕರು. ಕತ್ತು ಮಾತ್ರ ಅಡುಗೆಮನೆಯ ಕಡೆ ತಿರುಗಿ ಬಂತು.

ಮೊದಲ ಪಂಕ್ತಿ ಕೂತಿತು, ಸಾಲಿನ ತಲೆಯಲ್ಲಿ ದೊಡ್ಡಪ್ಪ. ನಮ್ಮಲ್ಲಿ ಪಂಕ್ತಿಗೆ ಒಂದು ಕಟ್ಟುನಿಟ್ಟಿದೆ. ತಲೆಯಲ್ಲಿ ಕೂತ ಹಿರಿಯರು ಏಳುವ ಮುನ್ನ ಯಾರೂ ಏಳುವಂತಿಲ್ಲ. ಎದ್ದರೆ ಉಳಿದವರ ಎಲೆಗೆ ಅವಮಾನ, ಮನೆಯವರಿಗೆ ಅಪಶಕುನ. ಮಕ್ಕಳು ಅತ್ತರೂ ಅಲ್ಲೇ ಸಮಾಧಾನ ಮಾಡುತ್ತಾರೆ. ನಾನು ಹೋಳಿಗೆಗೆ ತುಪ್ಪ ಬಡಿಸುತ್ತಿದ್ದೆ. ಕರೆಂಟ್ ಹೋಯಿತು, ಜನರೇಟರ್ ಬಂತು, ಫ್ಯಾನುಗಳು ತಿರುಗಿದವು. ಯಾರೋ ಇನ್ನೊಂದು ಹೋಳಿಗೆ ಎಂದರು. ಗೋಡೆಯ ಗಡಿಯಾರ ನನ್ನ ಕಣ್ಣೆದುರಿಗೇ ಇತ್ತು, ಎರಡನೇ ಪಂಕ್ತಿ ತಡವಾಗುತ್ತಿದೆ ಎಂದುಕೊಂಡೆ. ಆಗಲೇ ಅವರ ಕತ್ತು ನಿಂತದ್ದು.

ಅಡುಗೆಮನೆಯ ಹೊಗೆ ಎಳೆಯುವ ದೊಡ್ಡ ಫ್ಯಾನು ಮತ್ತೆ ಶುರುವಾಗಿರಲಿಲ್ಲ. ಅಷ್ಟು ಹೊತ್ತೂ ಕಿವಿಯಲ್ಲಿ ಇದ್ದ ಒಂದು ಗುಂಯ್ಗುಡುವಿಕೆ ಇಲ್ಲವಾಗಿತ್ತು. ನನಗೆ ಅದು ಆಮೇಲೆ ತಿಳಿದದ್ದು. ಆಗ ಕಂಡದ್ದು ಇಷ್ಟೇ: ಸಾರ್ ಎಲೆಯನ್ನು ಅರ್ಧ ಊಟದಲ್ಲೇ ಮಡಚಿದರು, ಎದ್ದರು. ಸಾಲಿಗೆ ಸಾಲೇ ಅವರನ್ನು ನೋಡಿತು. ಕರಿದ ಎಣ್ಣೆಯ ಕಮಟು ವಾಸನೆ ಎಲ್ಲರ ಮೂಗಿಗೂ ಬಂದಿತ್ತು. ಕೆಲವರು ಸೆರಗು ಮೂಗಿಗೆ ಹಿಡಿದಿದ್ದರು. ಹಿಡಿದುಕೊಂಡೇ ಕೂತಿದ್ದರು.

ಸಾರ್ ದೊಡ್ಡಪ್ಪನ ಪಕ್ಕ ಮೊಣಕಾಲೂರಿ ಕೂತು ಕಿವಿಯ ಹತ್ತಿರ ಬಾಗಿದರು. ತುಪ್ಪದ ಗಿಂಡಿ ಹಿಡಿದು ನಾನು ಅಲ್ಲೇ ಇದ್ದೆ.

"ನೀವು ಎದ್ರೆ ಎಲ್ಲಾ ಏಳ್ತಾರೆ. ನಾನು ಕೂಗಿದ್ರೆ ಓಡ್ತಾರೆ."

ದೊಡ್ಡಪ್ಪ ತಮ್ಮ ಎಲೆ ನೋಡಿಕೊಂಡರು. ಅರ್ಧ ಹೋಳಿಗೆ, ಮುಟ್ಟದ ಅನ್ನ. ಅವರ ಎಪ್ಪತ್ತು ದಾಟಿದ ಮುಖದಲ್ಲಿ ಕೋಪ ಬಂತು, ಅನುಮಾನ ಬಂತು. ಅಡುಗೆಮನೆಯ ಬಾಗಿಲ ಮೇಲಂಚಿನಿಂದ ಹೊಗೆಯ ಒಂದು ತೆಳು ಪಟ್ಟಿ ಚಾವಣಿ ಹಿಡಿದು ಹರಿಯತೊಡಗಿತ್ತು. ದೊಡ್ಡಪ್ಪ ಎದ್ದರು.

ಇಡೀ ಪಂಕ್ತಿ ಎದ್ದಿತು. ಎಂಜಲು ಕೈ ಎತ್ತಿಕೊಂಡು, ಗೊಣಗುತ್ತಾ, ಸಾಲಿನಲ್ಲೇ. ಕೈ ತೊಳೆಯಲು ನೀರು ಹೊರಗಿದೆ ಎಂದು ಸಾರ್ ಹಿಂಬಾಗಿಲು ತೋರಿಸಿದರು. ಬಹಳ ಜನ ಅದನ್ನೇ ನಂಬಿ ಹೋದರು. ಅರ್ಧ ಜನ ಹೊರಗೆ ಹೋಗಿದ್ದಾಗ ಬಾಣಲೆಯ ಎಣ್ಣೆ ಹೊತ್ತಿಕೊಂಡಿತು. ಯಾರೋ ಅದಕ್ಕೆ ನೀರು ಎರಚಿದರು. ಆ ಶಬ್ದವನ್ನು ನಾನು ವರ್ಣಿಸಲಾರೆ. ಅಡುಗೆಯವರು ಮೆಟ್ಟಿಲು ಹತ್ತಿ ತಪ್ಪಿಸಿಕೊಂಡರು, ಒಬ್ಬರ ತೋಳು ಸುಟ್ಟಿತ್ತು. ಆಮೇಲೆ ಆ ಮೆಟ್ಟಿಲಿನಲ್ಲಿ ಬೆಂಕಿ ಬಿಟ್ಟು ಇನ್ನೇನೂ ಇರಲಿಲ್ಲ. ಮೇಲಿನ ಹಾಲಿನಲ್ಲಿದ್ದವರು ಮುಂಬಾಗಿಲಿನಿಂದ, ಪಂಕ್ತಿಯಲ್ಲಿ ಉಳಿದವರು ಹಿಂಬಾಗಿಲಿನಿಂದ ಹೊರಬಿದ್ದರು. ಹೊರಗೆ ಹೋದವರಲ್ಲಿ ಕೆಲವರು ಚಪ್ಪಲಿಗೆ, ಬ್ಯಾಗಿಗೆ ಎಂದು ಒಳಗೆ ನುಗ್ಗಲು ನೋಡಿದರು.

ಸಾರ್ ನನ್ನ ಭುಜ ಹಿಡಿದು ಹಿಂಬಾಗಿಲಿಗೆ ಒರಗಿಸಿದರು. ಯಾರನ್ನೂ ಒಳಗೆ ಬಿಡಬಾರದು, ಬಾಗಿಲು ಮುಚ್ಚಬಾರದು. "ಬಾಗಿಲು ನಿಮ್ಮ ಕೈಲಿ."

"ನನ್ನ ಕೈಲಿ" ಎಂದೆ. ಅಭ್ಯಾಸಬಲ.

ಆಗ ಅವರ ಕತ್ತು ಮತ್ತೆ ತಿರುಗಿತು. ಹೊರಗಿನ ಗುಂಪಿನ ಮೇಲೆ ಒಂದು ಸಲ. "ನಿಮ್ಮಮ್ಮ ಉಗ್ರಾಣಕ್ಕೆ ಹೋಗಿದ್ರು. ವಾಪಸ್ ಬರೋದನ್ನ ನಾನು ನೋಡಿಲ್ಲ."

ಅಮ್ಮ ಮೇಲೆ ಹಾಲಿನಲ್ಲಿದ್ದಾಳೆ ಎಂದು ನಾನು ಅಂದುಕೊಂಡಿದ್ದೆ. ತಾಂಬೂಲದ ಚೀಲಗಳಿದ್ದ ಉಗ್ರಾಣ ಅಡುಗೆಮನೆಗೆ ಹೊಂದಿಕೊಂಡಿತ್ತು. ಅಮ್ಮನಿಗೆ ಮಂಡಿನೋವು. ನಾನು ಮಾತಾಡುವ ಮೊದಲೇ ಸಾರ್ ನೀರಿನ ಹಂಡೆಗೆ ಮೇಜಿನ ಬಟ್ಟೆ ಅದ್ದಿ ತಲೆಗೆ ಹೊದ್ದು ಬಗ್ಗಿಕೊಂಡು ಒಳಗೆ ಹೋಗಿಯಾಗಿತ್ತು.

ನಾನು ಬಾಗಿಲಲ್ಲಿ ನಿಂತೆ. ಇಲ್ಲಿಗೆ ಬಂದು ಎಲ್ಲವೂ ನಿಂತುಬಿಡುತ್ತದೆ. ಒಳಗಿರುವುದು ನನ್ನ ಅಮ್ಮ. ಹೋಗಿರುವುದು ಪಕ್ಕದ ಮನೆಯವರು. ಚಿಕ್ಕಪ್ಪನ ಮಗ, ಬಿಡೇ, ನಾನು ಹೋಗ್ತೀನಿ ಎಂದು ನನ್ನನ್ನು ತಳ್ಳಿದ. ಎರಡೂ ಕೈಯಿಂದ ಅವನನ್ನು ತಡೆದೆ. ದೊಡ್ಡಪ್ಪ ನನ್ನ ಪಕ್ಕದಲ್ಲೇ ಇದ್ದರು, ಎಂಜಲು ಕೈ ಇನ್ನೂ ತೊಳೆದಿರಲಿಲ್ಲ. ಬಾಗಿಲು ತನ್ನ ಭಾರಕ್ಕೆ ಮುಚ್ಚಿಕೊಳ್ಳುವಂಥದ್ದು, ಬೆನ್ನು ಕೊಟ್ಟು ನಿಂತಿದ್ದೆ. ನಾನು ನಿಂತದ್ದು ಕೊಟ್ಟ ಮಾತಿಗಾಗಿಯೋ, ಭಯಕ್ಕೋ? ನನಗೆ ಇವತ್ತಿಗೂ ಗೊತ್ತಿಲ್ಲ.

ಅವರು ಅಮ್ಮನನ್ನು ಕರೆತಂದರು. ಒದ್ದೆ ಬಟ್ಟೆ ಈಗ ಅಮ್ಮನ ತಲೆಯ ಮೇಲಿತ್ತು. ಅವರ ತಲೆ ಬರಿದಾಗಿತ್ತು. ಇಳಿಜಾರಿನ ಮೇಲೆ ಕೂತು ಕೆಮ್ಮಿದರು. "ಎಲ್ಲರೂ?" ಎಂದರು. ಎಲ್ಲರೂ ಎಂದೆ. ಇನ್ನೇನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಆಂಬುಲೆನ್ಸಿನವರು ಅವರ ಮುಖಕ್ಕೆ ಮಾಸ್ಕ್ ಹಾಕಿದರು.

ಆಸ್ಪತ್ರೆಯಿಂದ ಮನೆಗೆ ಬಂದರು. ಶ್ವಾಸಕೋಶ ಮಾತ್ರ ಪೂರ್ತಿ ಮನೆಗೆ ಬರಲಿಲ್ಲ. ಮಂಚಕ್ಕೆ ದಿಂಬು ಒಟ್ಟಿ ಕೂರಿಸುತ್ತಿದ್ದರು. ಕಿಟಕಿಯಿಂದ ಕ್ರಾಸನ್ನು ನೋಡುತ್ತಿದ್ದರು. ಕತ್ತು ಈಗ ನಿಧಾನ. ಅಮ್ಮ ದಿನವೂ ಗಂಜಿ ಒಯ್ದು ಕೊಡುತ್ತಿದ್ದಳು. ಪಾತ್ರೆ ಹಿಡಿಯುವ ಬಲವಿಲ್ಲದಿದ್ದಾಗ ಅವರು ಆ ಎರಡು ಪದ ಹೇಳುತ್ತಿರಲಿಲ್ಲ. ಅವರ ಹೆಂಡತಿ ಹೇಳಿ ತೆಗೆದುಕೊಳ್ಳುತ್ತಿದ್ದರು.

ಒಂದು ಸಂಜೆ ನನ್ನನ್ನು ನೋಡಿ, ನಿದ್ದೆ ಬರುತ್ತಿಲ್ಲ ಅಲ್ಲವೇ ಎಂದರು. ನಾನು ಹೇಳಿರಲಿಲ್ಲ. ಮೂರು ಸಲ ಎದ್ದು ಗ್ಯಾಸ್ ಮುಟ್ಟಿ ನೋಡುವುದು, ಬಾಗಿಲ ಮುಂದಿನ ಚಪ್ಪಲಿ ಸರಿಸುವುದು, ಕಾಲೇಜಿನಲ್ಲಿ ಪಾಠ ಮಾಡುತ್ತಾ ತರಗತಿಯ ಬಾಗಿಲನ್ನೇ ನೋಡುವುದು. ಹೇಳಿದೆ. ನೆನಪು ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ಕೇಳಿದರು. ಬಾಗಿಲಿಗೆ ಎಂದೆ. ನೀವು ಅದನ್ನು ವಾಪಸ್ ತಗೊಳ್ಳಲೇ ಇಲ್ಲ ಸಾರ್ ಎಂದೆ, ನಗುತ್ತಲೇ. ಅವರು ನಗಲಿಲ್ಲ. ಬಹಳ ಹೊತ್ತು ಉಸಿರು ಕೂಡಿಸಿಕೊಂಡರು.

"ಈಗ ನನ್ನ ಕೈಲಿ ಅಂದ್ರೆ ಸುಳ್ಳಾಗತ್ತಮ್ಮ. ಹಿಡಿಯೋ ಶಕ್ತಿ ಇಲ್ದೋನು ಆ ಮಾತು ಆಡಬಾರದು. ಯಾರಾದ್ರೂ ತಗೋತಾರೆ. ಅಲ್ಲೀತನಕ ಬಿಡಬೇಡಿ."

ಮುಂದಿನ ತಿಂಗಳು ಅವರು ಹೋದರು. ಬೆಳಗಿನ ಹೊತ್ತು, ಕಿಟಕಿಯ ಕಡೆ ಮುಖ ಮಾಡಿ. ನಮ್ಮ ಕ್ರಾಸಿನಲ್ಲಿ ಆ ದಿನ ಊಟದ ಪೊಟ್ಟಣದ ಹುಡುಗರು ಬೈಕುಗಳನ್ನು ಸಾಲಾಗಿ ನಿಲ್ಲಿಸಿ ಇಳಿದಿದ್ದರು. ಅವರ ಫೋನುಗಳು ಹ್ಯಾಂಡಲಿನಲ್ಲಿ ಬಡಿದುಕೊಳ್ಳುತ್ತಲೇ ಇದ್ದವು.

ವರ್ಷ ತುಂಬಿದಾಗ ಅವರ ಪುಣ್ಯತಿಥಿಯ ಊಟ ಕುರುಬರಹಳ್ಳಿಯ ಒಂದು ಸಮುದಾಯ ಭವನದಲ್ಲಿ, ನಮ್ಮ ಮನೆತನದವರೂ ಸೇರಿ ಏರ್ಪಡಿಸಿದ್ದು. ನಾನು ಒಳಗೆ ಕಾಲಿಟ್ಟವಳೇ ಹಿಂಬಾಗಿಲು ಹುಡುಕಿದೆ. ಬಾಗಿಲ ಮುಂದೆ ಕುರ್ಚಿಗಳಿರಲಿಲ್ಲ. ಒಂದೇ ಒಂದು ಕುರ್ಚಿ ಇತ್ತು. ಅದರಲ್ಲಿ ದೊಡ್ಡಪ್ಪ ಕೂತಿದ್ದರು. ಬಾಗಿಲು ಹಾರು ಹೊಡೆದಿತ್ತು. ಅವರ ಕೋಲು ಅದಕ್ಕೆ ಒತ್ತು ಕೊಟ್ಟು ನಿಂತಿತ್ತು. ಪಂಕ್ತಿ ಕೂರುತ್ತಿತ್ತು, ಸಾಲಿನ ತಲೆಯ ಜಾಗ ಅವರಿಗಾಗಿ ಖಾಲಿ ಇತ್ತು, ಯಾರೋ ಎರಡು ಸಲ ಕರೆದರು. ತಮ್ಮದು ಎರಡನೇ ಪಂಕ್ತಿಗೆ, ನೀವು ಶುರು ಮಾಡಿ ಎಂದರು. ಮನೆತನದಲ್ಲಿ ಹಾಗೆ ಎಂದೂ ಆಗಿರಲಿಲ್ಲ.

ನಾನು ಅವರ ಪಕ್ಕ ಹೋಗಿ ನಿಂತೆ. ಬಾಗಿಲ ಅಂಚಿಗೆ ನನ್ನ ಬೆನ್ನು ತಾನಾಗಿಯೇ ಒರಗಿತು. ಅವರು ನನ್ನ ಮುಖ ನೋಡಲಿಲ್ಲ. ಅಡುಗೆಮನೆಯ ಕಡೆ ನೋಡುತ್ತಿದ್ದರು.

"ಹೋಗವ್ವ, ಉಣ್ಣು. ಬಾಗ್ಲು ನನ್ ಕೈಲಿ."

ಕೂತು ಉಂಡೆ. ಮಜ್ಜಿಗೆ ಬರುವವರೆಗೆ ಕೂತಿದ್ದೆ. ಎರಡು ಸಲ ತಿರುಗಿ ನೋಡಿದೆ. ಎರಡು ಸಲವೂ ಅವರು ಅಲ್ಲೇ ಇದ್ದರು. ಆ ರಾತ್ರಿ ಗ್ಯಾಸ್ ಒಂದೇ ಸಲ ಮುಟ್ಟಿ ನೋಡಿ ಮಲಗಿದೆ. ಎಚ್ಚರವಾದಾಗ ಬೀದಿಯಲ್ಲಿ ಬೆಳಕಿತ್ತು, ಹಾಲಿನ ಪ್ಯಾಕೆಟ್ ಗೇಟಿನಲ್ಲಿತ್ತು, ಎದುರು ಮನೆಯ ಹೊಸ್ತಿಲು ಒದ್ದೆಯಾಗಿತ್ತು.